ಬೀಳಲೆಂದೇ ಗೋಡೆ ಕಟ್ಟಿಸಿದ ರುಕ್ಮೋದ್ದೀನ್ ಸಾಹೇಬರು

ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಎರಡೂ ಕೈಗಳನ್ನು ಮುಂದೆ ಚಾಚಿ, ಗಟ್ಟಿಯಾಗಿ ಹೆಜ್ಜೆ ಎಣಿಸುತ್ತ ಬಂದ ಖಾಕಿ ಅಂಗಿಯ ಮನುಷ್ಯರೊಬ್ಬರು ನಾನು ಸಂಡಿಗೆ ಒಣಹಾಕಿದ್ದ ಹಗ್ಗದ ಹೊರಸಿನ ಮೇಲೆ ಬೋರಲು ಬಿದ್ದದ್ದೇ ನಮ್ಮ ಮೊದಲ ಭೇಟಿ. "ನಲವತ್ತು, ನಲವತ್ತೊಂದು" ಎನ್ನುವಷ್ಟರಲ್ಲಿ ಅವರ ಮೊಣಕಾಲು ಹೊರಸಿಗೆ ತಾಗಿತು. ನಲವತ್ತೆರಡನ್ನು ಅವರು ಅರೆ ಒಣಗಿದ ಸಾಬೂದಾಣಿ ಸಂಡಿಗೆಯಲ್ಲಿ ಮುಖವಿಟ್ಟುಕೊಂಡೇ ಹೇಳಿದರು.

ನಾನು ಕೈಯಲ್ಲಿ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಓಡಿ ಬಂದೆ. ಅವರು ಎದ್ದು ನಿಂತರು, ಆದರೆ ಟವೆಲ್ ಬಿಚ್ಚಲಿಲ್ಲ. ಮೀಸೆಯ ಬಲಗಡೆ ಒಂದು ಸಂಡಿಗೆ ಮುತ್ತಿನ ಮೂಗುತಿಯ ಹಾಗೆ ಅಂಟಿಕೊಂಡಿತ್ತು.

"ಇದೇನ್ರಿ ಇದು, ಕಾಲಿಗಿ ಬಡೀತಲ್ಲ?"

"ಹೊರಸ್ರಿ" ಎಂದೆ.

"ದಿನಾ ಇಲ್ಲೇ ಇರ್ತದೇನ್ರಿ?"

"ಬಿಸಿಲಿದ್ದಾಗ ಇಲ್ಲಿರ್ತದ್ರಿ. ನೆರಳು ಬಂದ್ರ ಆ ಕಡಿ ಸರಸ್ತೀನಿ."

ಅವರು ದೊಡ್ಡದೊಂದು ಉಸಿರು ಬಿಟ್ಟರು. "ತಿರಗೂ ಸಾಮಾನು ನಕ್ಷೆದಾಗ ಹೆಂಗ ತೋರ್ಸ್ಲಿ ಬಹೆನ್‌ಜಿ?" ಎಂದು ಟವೆಲ್ ಬಿಚ್ಚಿ, ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ನಾನು ಕದ್ದು ಓದಿದೆ: 'ಹೊರಸು ಒಂದು. ಬಿಸಿಲಿನ ಪ್ರಕಾರ ಚಲಿಸುತ್ತದೆ.'

ರುಕ್ಮೋದ್ದೀನ್ ಸಾಹೇಬರು ಅಗ್ನಿಶಾಮಕ ಠಾಣೆಯ ಅಧಿಕಾರಿ. ನಾವಿದ್ದದ್ದು ಶಹಾಪುರದಿಂದ ಸುರಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನ ಕಾಂಪೌಂಡಿನೊಳಗಿನ ಕ್ವಾರ್ಟರ್ಸಿನಲ್ಲಿ. ನಮ್ಮ ಮನೆಯವರು ಮಿಲ್ಲಿನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಕೃಷ್ಣೆಯ ನೀರು ಕಾಲುವೆಗೆ ಬಂದು ಕೆಲವೇ ವರ್ಷಗಳಾಗಿದ್ದವು. ಜೋಳ, ತೊಗರಿ ಬಿಟ್ಟರೆ ಬೇರೆ ಕಾಣದ ಹೊಲಗಳಲ್ಲಿ ಹತ್ತಿಯೂ ಭತ್ತವೂ ಬಂದು, ಅವುಗಳ ಹಿಂದೆಯೇ ಮಿಲ್ಲುಗಳೂ ಬಂದಿದ್ದವು. ಸುಗ್ಗಿಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಮುಂದಿನ ಗೇಟಿನಿಂದ ರಸ್ತೆಯುದ್ದಕ್ಕೂ ಸಾಲುಗಟ್ಟುತ್ತಿದ್ದವು. ಗಾಳಿಯಲ್ಲಿ ಸದಾ ಹತ್ತಿಯ ಎಳೆ. ನಮ್ಮ ಸಾರಿನಲ್ಲಿ, ಹಾಸಿಗೆಯಲ್ಲಿ, ದೇವರ ದೀಪದ ಎಣ್ಣೆಯಲ್ಲಿ ಕೂಡ ಎಳೆ. ದೀಪ ಹಚ್ಚಲು ನಾನು ಬತ್ತಿ ಹೊಸೆದದ್ದೇ ನೆನಪಿಲ್ಲ.

ಸಾಹೇಬರಿಗೆ ನಿದ್ದೆ ಕೆಡಿಸುತ್ತಿದ್ದದ್ದು ಆ ಎಳೆಯೇ. ಬೆಂಕಿ ಬಿದ್ದ ಮೇಲೆ ಗಾಡಿ ತೆಗೆದುಕೊಂಡು ಓಡುವುದು ಎಲ್ಲ ಠಾಣೆಯವರ ಕೆಲಸ. ಸಾಹೇಬರು ಬೆಂಕಿ ಬೀಳಬಹುದಾದ ಕಟ್ಟಡಗಳಿಗೆ ಮೊದಲೇ ಹೋಗಿ ಪರಿಚಯ ಮಾಡಿಕೊಳ್ಳುತ್ತಿದ್ದರು, ಬೀಗರ ಮನೆಗೆ ಹೋದಂತೆ. ಕೆಂಪು ರಟ್ಟಿನ ಉದ್ದನೆಯ ರಜಿಸ್ಟರ್ ಒಂದಿತ್ತು. ಒಂದೊಂದು ಕಟ್ಟಡಕ್ಕೆ ಒಂದೊಂದು ಹಾಳೆ: ಎಷ್ಟು ಬಾಗಿಲು, ಯಾವ ಕಡೆ ತೆರೆಯುತ್ತವೆ, ಕೀಲಿ ಯಾರ ಸೊಂಟದಲ್ಲಿದೆ, ಕರೆಂಟಿನ ಮೇನ್ ಎಲ್ಲಿದೆ, ಗಾಡಿ ಎಲ್ಲಿ ಹೊರಳುತ್ತದೆ, ನೀರು ಎಲ್ಲಿ ಸಿಗುತ್ತದೆ, ಒಳಗೆ ಎಷ್ಟು ಜೀವ. "ಉರಿಯಾಕತ್ತಿರ್ಲಾರದಾಗೇ ನೋಡ್ಬೇಕ್ರಿ ಮನಿ" ಎನ್ನುತ್ತಿದ್ದರು. "ಉರಿಯಾಕತ್ತ ಮ್ಯಾಲ ಮನಿ ಎಲ್ಲಿ ಕಾಣ್ತದ, ಬರೀ ಹೊಗಿ ಕಾಣ್ತದ." ಅದಕ್ಕೇ ಕಣ್ಣಿಗೆ ಟವೆಲ್. ಹೊಗೆಯಲ್ಲಿ ತಮ್ಮ ಸಿಬ್ಬಂದಿಗೆ ಏನು ಕಾಣುವುದಿಲ್ಲವೋ ಅದನ್ನೆಲ್ಲ ಹೆಜ್ಜೆಯಲ್ಲಿ ಅಳೆದು ಬರೆದಿಡಬೇಕು.

ಈ ಅಭ್ಯಾಸ ಊರಿಗೆಲ್ಲ ತಮಾಷೆಯಾಗಿತ್ತು. ಮದುವೆಗೆ ಬಂದರೆ ಮದುಮಕ್ಕಳಿಗಿಂತ ಮೊದಲು ಅಡುಗೆಯ ಒಲೆ ನೋಡಿಕೊಂಡು ಬರುತ್ತಿದ್ದರು. ಊಟಕ್ಕೆ ಕೂತರೆ ಚಪ್ಪರದ ಬಾಯಿಗೇ ಕೂರಬೇಕು. ಟಾಕೀಸಿನ ಮ್ಯಾನೇಜರು ಇವರನ್ನು ಕಂಡರೆ ಪೊಲೀಸರನ್ನು ಕಂಡಂತೆ ಬೆವರುತ್ತಿದ್ದ. ಒಮ್ಮೆ ನಾನೂ ನಮ್ಮ ಮನೆಯವರೂ ಸಿನಿಮಾಕ್ಕೆ ಹೋದಾಗ ಸಾಹೇಬರು ನಮ್ಮ ಹಿಂದಿನ ಸಾಲಿನಲ್ಲಿದ್ದರು. ನಾಯಕಿ ಅಳುವ ಹೊತ್ತಿಗೆ ಹಿಂದಿನಿಂದ ಪಿಸುಮಾತು ಕೇಳಿಸಿತು: "ಎಡಗಡಿ ಬಾಗ್ಲಾಕ ಸೋಡಾ ಬಾಟ್ಲಿ ಟ್ರೇ ಅಡ್ಡ ಇಟ್ಟಾರ, ನೋಡೀರೇನ್ರಿ?" ನಾಯಕಿ ಯಾಕೆ ಅತ್ತಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಟ್ರೇ ಮಾತ್ರ ನೆನಪಿದೆ.

ಎಲ್ಲ ಬಲ್ಲ ಸಾಹೇಬರಿಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಸಂಡಿಗೆಯ ದಿನ ಚಹಾ ಕುಡಿಯುತ್ತ ಅವರು ತೋರಿಸಿದ ನಮ್ಮ ಮಿಲ್ಲಿನ ನಕ್ಷೆ ಮಲಗಿದ ಆಡಿನ ಹಾಗಿತ್ತು. ಜಿನ್ನಿಂಗ್ ಯಂತ್ರಗಳ ಮನೆ ಅದರ ಹೊಟ್ಟೆಯಲ್ಲಿ, ನಮ್ಮ ಕ್ವಾರ್ಟರ್ಸು ಬಾಲದಲ್ಲಿ. ನಾನು ಕಲಬುರಗಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್ ನಮಗೆ ಗೆರೆ ಎಳೆಯುವುದಕ್ಕೆ ಒಂದು ಇಡೀ ವರ್ಷ ಕಲಿಸಿದ್ದರು. ಪೆನ್ಸಿಲಿನ ಮೊನೆ ದಪ್ಪಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮದುವೆಯಾದ ಮೇಲೆ ಆ ವಿದ್ಯೆ ರಂಗೋಲಿಗೆ ಬಿಟ್ಟರೆ ಬೇರೆಲ್ಲೂ ಬೇಕಾಗಿರಲಿಲ್ಲ. "ನಾನು ತಗದು ಕೊಡ್ಲೇನ್ರಿ?" ಎಂದೆ. ಬಾಗಿಲಿಗೆ ಹಸಿರು, ಕರೆಂಟಿಗೆ ಹಳದಿ, ನೀರಿಗೆ ನೀಲಿ, ಹತ್ತಿ ರಾಶಿಗೆ ಕೆಂಪು. ಮುಗಿಸಿ ಕೊಟ್ಟಾಗ ಸಾಹೇಬರು ಹಾಳೆಯನ್ನು ಎರಡೂ ಅಂಗೈ ಮೇಲೆ ಹಿಡಿದು ಬಹಳ ಹೊತ್ತು ನೋಡಿದರು. ಬಹೆನ್‌ಜಿ ಎನ್ನುವುದು ಆವತ್ತಿಗೆ ನಿಂತಿತು. "ತಂಗೆಮ್ಮ," ಎಂದರು, "ಇದ್ರಾಗ ಹಸಿರ ಎಷ್ಟ ಕಡಿಮಿ ಅದ ನೋಡಿಯೇನು?"

ನೋಡಿದ್ದೆ. ನಕ್ಷೆಯ ನಡುವೆ ಒಂದು ಉದ್ದನೆಯ ಕೋಣೆ ಇತ್ತು. ಅಲ್ಲಿ ನಲವತ್ತು ಹೆಣ್ಣುಮಕ್ಕಳು ಹತ್ತಿ ರಾಶಿಯ ನಡುವೆ ಕೂತು ಕಸ, ಕಡ್ಡಿ, ಕಾಯಿ ಸಿಪ್ಪೆ ಆರಿಸುತ್ತಿದ್ದರು. ಎಡಕ್ಕೂ ಬಲಕ್ಕೂ ಹತ್ತಿಯ ಗೋದಾಮು. ಉತ್ತರಕ್ಕೆ ಯಂತ್ರಗಳ ಮನೆ. ಆ ಕಡೆಗೆ ಮಾತ್ರ ಒಂದು ಬಾಗಿಲು. ದಕ್ಷಿಣಕ್ಕೆ, ಕಾಲುವೆಯ ಕಡೆ, ಬರೀ ಗೋಡೆ. ಹತ್ತಿಯೊಳಗೆ ಸೇರಿಕೊಂಡ ಒಂದು ಮೊಳೆ ಯಂತ್ರದ ರೋಲರಿಗೆ ಸಿಕ್ಕರೆ ಸಾಕು, ಕಿಡಿ ಏಳುತ್ತದೆ. ಕಿಡಿ ಎದ್ದರೆ ಮೊದಲು ಮುಚ್ಚುವುದು ಆ ಒಂದೇ ಬಾಗಿಲು.

"ಈ ನಲವತ್ತು ಮಂದಿಗಿ ಇನ್ನೊಂದು ಹಾದಿ ಮಾಡ್ಸಿ ನಾ ರಿಟೈರ್ ಆಗಾಂವ" ಎಂದು ಸಾಹೇಬರು ಬಟ್ಟಲು ಕೆಳಗಿಟ್ಟರು. ಅವರ ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ.

ಮಿಲ್ಲಿನ ಸಾವ್ಕಾರರು ಕೆಟ್ಟವರಲ್ಲ. ಹೆಣ್ಣುಮಕ್ಕಳಿಗೆ ಕುಡಿಯಲು ತಣ್ಣನೆಯ ನೀರಿಡಿಸುತ್ತಿದ್ದರು, ಹಬ್ಬಕ್ಕೆ ಸೀರೆ ಕೊಡುತ್ತಿದ್ದರು. ಆದರೆ ದಕ್ಷಿಣ ದಿಕ್ಕಿನ ಮಾತು ಬಂದರೆ ಅವರ ಮುಖ ಬಿಗಿದುಕೊಳ್ಳುತ್ತಿತ್ತು.

"ದಕ್ಷಿಣಕ್ಕ ಬಾಗ್ಲಾ ಇಟ್ರ ಯಮಗ ಕರದಂಗ ಆಗ್ತದ್ರಿ ಸಾಹೇಬ್ರ. ಬ್ಯಾರೆ ಏನಾದ್ರೂ ಕೇಳ್ರಿ."

"ಯಮ ಬಾಗ್ಲಾ ಹುಡಿಕ್ಕೊಂಡು ಬರ್ತಾನೇನ್ರಿ ಸಾವ್ಕಾರ್ರ? ನಾ ಒಳಗ ಬರವ್ರಿಗಿ ಕೇಳಾಕತ್ತಿಲ್ಲ, ಹೊರಗ ಹೋಗವ್ರಿಗಿ ಕೇಳಾಕತ್ತೀನಿ."

"ನಿಮ್ಮ ಮಂದ್ಯಾಗ ದಿಕ್ಕು ನೋಡಂಗಿಲ್ಲ, ನಿಮಗ ತಿಳ್ಯಂಗಿಲ್ಲ ಬಿಡ್ರಿ."

"ನಮ್ಮ ಮಂದೀನೂ ದಿಕ್ಕು ನೋಡ್ತೀವ್ರಿ, ದಿನಕ್ಕ ಐದು ಸಲ. ಖರೇ ಹೇಳ್ತೀನಿ, ಆ ಕ್ವಾಣ್ಯಾಗ ನಿಂತ್ರ ನನಗ ಯಾವ ದಿಕ್ಕೂ ಕಾಣಂಗಿಲ್ಲ."

ಇಬ್ಬರೂ ನಕ್ಕು, ಪಾನ್ ಹಂಚಿಕೊಂಡು, ಏನೂ ತೀರ್ಮಾನವಾಗದೆ ಎದ್ದರು. ಹೀಗೆ ಎಷ್ಟು ಪಾನ್ ಆದವೋ.

ಸಾಲದ್ದಕ್ಕೆ ಸಾಹೇಬರ ಮಾನ ಒಮ್ಮೆ ಕಾಲುವೆಯಲ್ಲಿ ಹೋಯಿತು. 'ನೀರು: ಹಿಂದೆ ಕಾಲುವೆ, ಕೊರತೆಯಿಲ್ಲ' ಎಂದು ರಜಿಸ್ಟರಿನಲ್ಲಿ ಬರೆದು, ನನ್ನ ಕೈಯಿಂದ ನೀಲಿ ಬಳಿಸಿ, ಸಾವ್ಕಾರರ ಎದುರು ಒಂದು ತಾಲೀಮು ಇಟ್ಟುಕೊಂಡಿದ್ದರು. ಮಿಲ್ಲಿಗೆ ಮಿಲ್ಲೇ ಹಿತ್ತಲಿಗೆ ಬಂದಿತ್ತು. ಗಂಟೆ ಬಾರಿಸುತ್ತ ಕೆಂಪು ಗಾಡಿ ಕಾಲುವೆ ದಾರಿಯಲ್ಲಿ ಬಂತು. ಸಿಬ್ಬಂದಿ ದಪ್ಪ ಪೈಪನ್ನು ಕಾಲುವೆಗೆ ಇಳಿಬಿಟ್ಟರು, ಪಂಪು ಗರ್ಜಿಸಿತು, ಮುಂದೆ ನಿಂತವರು ಕೈಪೈಪನ್ನು ಆಕಾಶಕ್ಕೆ ಹಿಡಿದರು. ಪೈಪು ಎರಡು ಸಲ ಕೆಮ್ಮಿತು, ಅಷ್ಟೆ. ಕಾಲುವೆಯೊಳಗೆ ಇಣುಕಿದರೆ ಹದವಾದ ಕೆಸರು, ಅದರ ನಡುವೆ ಒಂದು ಎಮ್ಮೆ ನಿಂತು ಪೈಪಿನ ಬಾಯಿ ಮೂಸುತ್ತಿತ್ತು. ಈ ಭಾಗದ ಹೊಲಗಳ ಪಾಳಿ ಮುಗಿದು ಹಿಂದಿನ ದಿನವೇ ನೀರು ನಿಲ್ಲಿಸಿದ್ದರು.

"ಸಾಹೇಬ್ರ, ಬೆಂಕಿಗಿ ಗಾಳಿ ಹಾಕಾಕ ಬಂದೀರೇನ್ರಿ?" ಎಂದು ಸಾವ್ಕಾರರು ಕುರ್ಚಿಯಿಂದಲೇ ಕೇಳಿದರು.

ನಲವತ್ತು ಮಂದಿಯ ಮುಂದಾಳು ದೇವಕೆಮ್ಮ. ಎತ್ತರದ ಹೆಂಗಸು, ದನಿ ಅವಳಿಗಿಂತ ಎತ್ತರ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ನೀರು ಬಿಡವ್ರು ನಿಮ್ಮ ಗಾಡಿಗಿ ಕೇಳಿ ಬಿಡ್ತಾರೇನ್ರಿ? ಬಟ್ಟಿ ಒಗಿಯೂ ಹೆಣ್ಮಕ್ಳಿಗಿ ಕೇಳಿದ್ರ ಹೇಳ್ತಿದ್ವಿ. ನಿನ್ನಿ ಸಂಜಿಗೇ ಒಂಬತ್ತೂ ಮೆಟ್ಲಾ ಕಾಣಾಕತ್ತಿದ್ವು."

ಬೇರೆ ಅಧಿಕಾರಿಯಾಗಿದ್ದರೆ ಸಿಟ್ಟಾಗುತ್ತಿದ್ದರು. ಸಾಹೇಬರು ಪುಸ್ತಕ ತೆಗೆದರು. "ಎಷ್ಟ ಮೆಟ್ಲಾ ಕಂಡ್ರ ಎಷ್ಟ ನೀರು, ಬರೋಬ್ಬರಿ ಹೇಳವ್ವ" ಎಂದು ಕೆಸರಿನ ದಂಡೆಯಲ್ಲೇ ಕೂತು ಬರೆದುಕೊಂಡರು. ನೀರಿಲ್ಲದ ದಿನಕ್ಕೆ ಪಕ್ಕದ ಅಕ್ಕಿ ಮಿಲ್ಲಿನ ಬಾವಿ ಎಂದು ಸೇರಿಸಿದರು. ಮಾರನೆಯ ದಿನದಿಂದ ನನಗೆ ಕೆಲಸ ಬಂತು. ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಒಗೆಯುವ ಕಟ್ಟೆಯಲ್ಲಿ ನೀರಿನ ಮೇಲೆ ಕಾಣುವ ಮೆಟ್ಟಿಲು ಎಣಿಸಿ, ಮಿಲ್ಲಿನ ಆಫೀಸಿಗೆ ಹೋಗಿ ಠಾಣೆಗೆ ಫೋನ್ ಮಾಡುವುದು.

"ಸಾಹೇಬ್ರ, ಇವತ್ತು ಮೂರು."

"ಮೂರಂದ್ರ ಮಸ್ತ್ ಆತು ತಂಗೆಮ್ಮ."

ಇಷ್ಟೇ ಮಾತು. ನಾಲ್ಕಾರು ದಿನವಾದ ಮೇಲೆ ಆಫೀಸಿನ ಗುಮಾಸ್ತ ಸುತ್ತ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನು ಕೇಳಿದ: "ಅಕ್ಕಾರ, ನಿನ್ನಿ ನೀವು ಐದಂದ್ರಿ, ಖರೇನೇ ಐದು ಬಂತ್ರಿ. ನಾಳಿಗಿ ಏನ್ ಬರ್ತದ್ರಿ?" ನಾನು ಮಟ್ಕಾ ನಂಬರು ಹೇಳುತ್ತಿದ್ದೇನೆ ಎಂದುಕೊಂಡಿದ್ದ. ಇದನ್ನು ಕೇಳಿದ ಸಾಹೇಬರು ಫೋನಿನಲ್ಲಿ ಎಷ್ಟು ನಕ್ಕರೆಂದರೆ, ಆ ಕಡೆ ಯಾರೋ ಓಡಿಬಂದು ನೀರು ಕುಡಿಸಿದ್ದು ಕೇಳಿಸಿತು.

ಬಾಗಿಲಿನ ಮಾತು ಮಾತ್ರ ಅಲ್ಲೇ ನಿಂತಿತ್ತು. ಅದನ್ನು ಬಿಡಿಸಿದವಳೂ ದೇವಕೆಮ್ಮನೇ. ಒಂದು ಮಧ್ಯಾಹ್ನ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿ ಕೂತಿದ್ದರು. ಸಾಹೇಬರು ಎಂದಿನಂತೆ ದಕ್ಷಿಣದ ಗೋಡೆ ಸವರುತ್ತ ನಿಂತಿದ್ದರು. ನಾನು ಮಜ್ಜಿಗೆ ತಂದಿದ್ದೆ.

"ಹಗೇವು ಕಂಡೀರೇನ್ರಿ ಸಾಹೇಬ್ರ?" ಎಂದಳು ದೇವಕೆಮ್ಮ, ರೊಟ್ಟಿ ಮುರಿಯುತ್ತ.

"ಕಂಡೀನವ್ವ. ನಮ್ಮ ಸಗರದಾಗ ಮನಿಮನಿಗಿ ಇದ್ವು. ನೆಲದಾಗ ಜ್ವಾಳ ತುಂಬಿ ಬಾಯಿ ಮುಚ್ಚತಿದ್ರು."

"ಮುಚ್ಚಿದ್ದು ನೆಲದಂಗೇ ಕಾಣ್ತಿತ್ತಿಲ್ಲ? ಮ್ಯಾಲ ದನ ಅಡ್ಯಾಡ್ತಿದ್ವು. ಬೇಕಾದಾಗ ಮಣ್ಣ ಒಡದು ತಗೀತಿದ್ರು. ಹಂಗೇ ಗ್ವಾಡೀಗಿ ಒಂದು ಬಾಯಿ ಬಿಟ್ಟು ಮಣ್ಣಲೇ ಮುಚ್ಚರಿ. ಸಾವ್ಕಾರ್ರಿಗಿ ಗ್ವಾಡಿ ಕಾಣ್ತದ, ನಮಗ ಬಾಗ್ಲಾ ಆಗ್ತದ."

ಸಾಹೇಬರ ಕೈ ಗೋಡೆಯ ಮೇಲೆ ಹಾಗೇ ನಿಂತಿತು. ಆಮೇಲೆ ಅವರು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ: ಐವತ್ತೇಳು ವರ್ಷದ ಸರಕಾರಿ ಅಧಿಕಾರಿ, ಬೂಟುಗಾಲಿನಲ್ಲಿ, ಹತ್ತಿ ರಾಶಿಯ ಮೇಲೆ ಒಂದು ಕುಪ್ಪಳ ಹಾರಿದರು.

ಸಾವ್ಕಾರರು ಎರಡು ದಿನ ಯೋಚಿಸಿ ಒಪ್ಪಿದರು. "ಗ್ವಾಡಿ ಅಂದ್ರ ಗ್ವಾಡೀನೇ ಮತ್ತ. ಚೌಕಟ್ಟು, ಹೊಸ್ತಿಲಾ, ಏನೂ ಇರಬಾರ್ದು." ಗೌಂಡಿ ಮಲ್ಲಣ್ಣ ಬಂದು, ಮೇಲೆ ಕಲ್ಲಿನ ತೊಲೆ ಕೊಟ್ಟು, ಇಬ್ಬರು ಜೊತೆಯಾಗಿ ದಾಟುವಷ್ಟು ಅಗಲ ಗೋಡೆ ತೆಗೆದ. ಅದನ್ನೇ ಮತ್ತೆ ಒಂದೇ ಸಾಲು ಇಟ್ಟಿಗೆಯಿಂದ, ಬರೀ ಮಣ್ಣಿನಿಂದ ಮುಚ್ಚಿ, ಸುಣ್ಣ ಹೊಡೆದ. ಒಳಗಡೆ ಗೋಡೆಗೆ ಒಂದು ಒನಕೆ ತೂಗುಹಾಕಿದರು. ನಾನು ನಕ್ಷೆಯಲ್ಲಿ ಅಲ್ಲಿ ಹಸಿರು ಚುಕ್ಕೆಗಳನ್ನು ಇಟ್ಟೆ. ಗೆರೆ ಎಳೆಯುವಂತಿರಲಿಲ್ಲ, ಅದು ಬಾಗಿಲಲ್ಲವಲ್ಲ.

ಬೀಳುತ್ತದೋ ಇಲ್ಲವೋ ನೋಡಬೇಡವೇ? ಸಾಹೇಬರು ತಾಲೀಮು ಇಟ್ಟರು. ಸೀಟಿ ಊದಿದ ಕೂಡಲೇ ಒನಕೆಯಿಂದ ಗೋಡೆ ಕೆಡವಿ ಹೊರಗೆ ಬರಬೇಕು. ಸೀಟಿ ಊದಿದರು. ಒಳಗೆ ಭಾರಿ ಗಲಾಟೆ ಕೇಳಿಸಿತು, ಗೋಡೆ ಅಲುಗಲಿಲ್ಲ. ಹೋಗಿ ನೋಡಿದರೆ ಮೊದಲ ಏಟು ಯಾರದು ಎಂದು ಜಗಳ. ಮತ್ತೆ ಊದಿದರು. ದೇವಕೆಮ್ಮ ಮೂರು ಏಟಿಗೆ ಗೋಡೆ ಕೆಡವಿದಳು. ಒಬ್ಬರೂ ಹೊರಗೆ ಬರಲಿಲ್ಲ. ಬುತ್ತಿ ಡಬ್ಬಿ ಹುಡುಕುವವರು, ಚಪ್ಪಲಿ ಜೋಡಿ ಕೂಡಿಸುವವರು, ತಲೆಯ ಮೇಲಿನ ಹತ್ತಿ ಕೊಡವಿ ಸೆರಗು ಸರಿಮಾಡಿಕೊಳ್ಳುವವರು. ಮದುವೆಯ ದಿಬ್ಬಣ ಹೊರಟ ಹಾಗೆ ಒಬ್ಬೊಬ್ಬರೇ ಡಬ್ಬಿ ಹಿಡಿದು ಬಂದರು.

ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು. "ಅವ್ವಗೋಳ್ಯಾ, ಅಷ್ಟೊತ್ತಿಗಿ ನೀವು ಸುಟ್ಟು ಬದನಿಕಾಯಿ ಆಗಿರ್ತೀರಿ."

"ಮತ್ತ ರೊಟ್ಟಿ ಬಿಟ್ಟು ಬರಂದ್ರ ಹ್ಯಾಂಗ್ರಿ?" ಎಂದಳೊಬ್ಬಳು. "ಬೆಂಕ್ಯಾಗ ಉಳದು ಹೊಟ್ಟ್ಯಾಗ ಸಾಯ್ಲೇನ್ರಿ?"

"ಡಬ್ಬಿ ಬಿಟ್ಟು ಬರ್ರಿ. ನಿಮ್ಮ ರೊಟ್ಟಿ ಸುಟ್ರ ನಾ ನನ್ನ ಮನೀಂದ ತಂದುಕೊಡ್ತೀನಿ, ಮಾತು ಕೊಟ್ಟೀನಿ."

"ನಲವತ್ತು ಮಂದಿಗೇನ್ರಿ? ನಿಮ್ಮ ಮನ್ಯಾಗ ಬೀಬಿಯವ್ರಿಗಿ ಕೇಳೀರೇನ್ರಿ?"

ಎಲ್ಲರೂ ನಕ್ಕರು. ಆದರೆ ಮುಂದಿನ ಸೀಟಿಗೆ ಡಬ್ಬಿಗಳು ಒಳಗೇ ಉಳಿದವು. ಅದು ಎಂಥ ಮೋಜಾಯಿತೆಂದರೆ, ಮಲ್ಲಣ್ಣ ಗೋಡೆ ಕಟ್ಟಿ ಮುಗಿಸುವ ಮೊದಲೇ "ಮತ್ತ ಯಾವಾಗ್ರಿ ಕೆಡವೂದು?" ಎಂದು ಕೇಳತೊಡಗಿದರು. ಬೇಸರವಾದ ಮಲ್ಲಣ್ಣ, ತನ್ನ ಜನ್ಮದಲ್ಲೇ ಇಂಥ ಕೆಲಸ ಮಾಡಿರಲಿಲ್ಲ ಎನ್ನುತ್ತ ಮೂರನೆಯ ಸಲ ಮುಚ್ಚಿ ಹೋದ.

ಆ ಬೇಸರ ಒಳಗೇ ಕುದಿಯುತ್ತಿತ್ತು ಎಂದು ನಮಗೆ ತಿಳಿದದ್ದು ದೀಪಾವಳಿಯ ಮುಂದೆ, ಮಿಲ್ಲಿಗೆ ಸುಣ್ಣ ಹೊಡೆಯುವಾಗ. ನನ್ನ ಕಿಟಕಿಯಿಂದ ಆ ಗೋಡೆಯ ಹೊರಮೈ ಪೂರ್ತಿ ಕಾಣುತ್ತಿತ್ತು. ಮಣ್ಣಿನ ಸಂದುಗಳಲ್ಲಿ ಕೆಂಪು ಇರುವೆ ಮನೆ ಮಾಡಿದ್ದವು. ದಿನಾ ನಾನು ಕುಕ್ಕರು ಇಡುವ ಹೊತ್ತಿಗೆ ಮೇಲಿನಿಂದ ಮೂರನೆಯ ಸಾಲಿನ ಸಂದಿನಿಂದ ಹೊರಟು, ನೆಟ್ಟಗೆ ಕೆಳಗಿಳಿದು, ನನ್ನ ಹೊರಸಿನ ಕಡೆ ಬರುತ್ತಿದ್ದವು. ಆವತ್ತು ಬೆಳಿಗ್ಗೆ ಇರುವೆಗಳು ಸಾಲು ತಪ್ಪಿ ಗೋಡೆಯ ಮೇಲೆಲ್ಲ ಓಡಾಡುತ್ತಿದ್ದವು. ಹೊರಗಿದ್ದವಕ್ಕೆ ಒಳಗೆ ಹೋಗಲು ದಾರಿ ಸಿಕ್ಕಿರಲಿಲ್ಲ. ನಾನು ಒಲೆ ಆರಿಸಿ ಹೋಗಿ, ಬೆರಳುಗುರಿನಿಂದ ಸಂದು ಕೆರೆದೆ. ಸುಣ್ಣದ ಕೆಳಗೆ ಬೂದುಬಣ್ಣ. ಉಗುರು ಮುರಿಯಿತು.

"ಸಾಹೇಬ್ರ," ಎಂದೆ ಫೋನಿನಲ್ಲಿ, "ಇವತ್ತು ನಾಲ್ಕು ಮೆಟ್ಲಾ. ಮತ್ತ ಇರಬಿ ಹೊರಗ ಉಳದಾವ್ರಿ."

"ಏನಂದಿ?"

"ಗ್ವಾಡೀಗಿ ಸಿಮೆಂಟ್ ಹಾಕ್ಯಾರ್ರಿ."

ಗಾಡಿ ಗಂಟೆ ಬಾರಿಸಿಕೊಂಡೇ ಬಂತು. ಮಲ್ಲಣ್ಣನನ್ನು ಕರೆಸಿದರು. ಅವನು ತಪ್ಪು ಮಾಡಿದವನಂತೆ ಬರಲಿಲ್ಲ, ಉಪಕಾರ ಮಾಡಿದವನಂತೆ ಬಂದ.

"ಹೌದ್ರಿ, ನಾನೇ ಹಾಕೀನಿ. ಪುಗಸಟ್ಟೆ ಹಾಕೀನಿ. ಕಾಲಿವಿ ದಾರ್ಯಾಗ ಹೋಗೂ ಮಂದಿ ಕೈಲೆ ಒತ್ತಿ ನೋಡಿ ನಗಾಕತ್ತಿದ್ರು. ಯಾವ ಗೌಂಡಿ ಕಟ್ಯಾನಪ್ಪಾ ಇದು ಅಂತ ಕೇಳ್ತಿದ್ರು. ನಮ್ಮಪ್ಪ ಕಟ್ಟಿದ ಗ್ವಾಡಿ ಇನ್ನಾ ನಿಂತಾವ್ರಿ. ನನಗ ಮಾನ ಇಲ್ಲೇನ್ರಿ?"

ಸಾಹೇಬರು ಬಯ್ಯಲಿಲ್ಲ. ಮಲ್ಲಣ್ಣನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದೊಯ್ದರು. ಕಣ್ಣಿಗೆ ತಮ್ಮ ಟವೆಲ್ ಕಟ್ಟಿ, ಹೆಣ್ಣುಮಕ್ಕಳ ನಡುವೆ ಕೂರಿಸಿ, ಒಂದು ಹತ್ತು ನಿಮಿಷ ಹಾಗೇ ಬಿಟ್ಟರು. ಯಂತ್ರಗಳ ಸದ್ದು, ಹತ್ತಿಯ ಧೂಳು, ಸುತ್ತ ಹೆಂಗಸರ ಕೆಮ್ಮು. ಟವೆಲ್ ಬಿಚ್ಚಿದಾಗ ಮಲ್ಲಣ್ಣ ಕಣ್ಣು ಒರೆಸಿಕೊಂಡ. ಧೂಳಿಗಿರಬೇಕು.

"ನಿಂತ ಗ್ವಾಡಿ ಯಾರರೇ ಕಟ್ತಾರ ಮಲ್ಲಣ್ಣ" ಎಂದರು ಸಾಹೇಬರು. "ಬೇಕಾದಾಗ ಬೀಳೂ ಗ್ವಾಡಿ ಕಟ್ಟಾಕ ಬಾಳ ದೊಡ್ಡ ಕೈ ಬೇಕಪ್ಪ."

ಸಂಜೆಯೊಳಗೆ ಸಿಮೆಂಟು ಕಿತ್ತು ಮಣ್ಣು ಮೆತ್ತಿದ. ಕೆಳಗಿನ ಮೂಲೆಯಲ್ಲಿ ತನ್ನ ಹೆಸರನ್ನೂ ಗೀಚಿ ಹೋದ. ಇರುವೆಗಳಿಗೆ ಎರಡು ದಿನ ಹಿಡಿಯಿತು.

ಆ ಚಳಿಗಾಲದಲ್ಲಿ ಸಾಹೇಬರು ನಿವೃತ್ತರಾಗಿ ತಮ್ಮ ಊರು ಸಗರಕ್ಕೆ ಹೋದರು. ಹೋಗುವ ಮೊದಲು ಹೊಸ ಅಧಿಕಾರಿಯನ್ನು ಕರೆತಂದು, ಕಣ್ಣಿಗೆ ಟವೆಲ್ ಕಟ್ಟಿ, ಮಿಲ್ಲೆಲ್ಲ ನಡೆಸಿದರು. ಆ ಹುಡುಗನಂಥ ಅಧಿಕಾರಿಗೆ ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ನಾನು ಹೊರಸನ್ನು ಮೊದಲೇ ಎತ್ತಿಟ್ಟಿದ್ದೆ.

ಬೆಂಕಿ ಬಂದದ್ದು ಅದಾದ ಮೂರನೆಯ ವಾರ, ಬುತ್ತಿ ಬಿಚ್ಚುವುದಕ್ಕೆ ಸ್ವಲ್ಪ ಮುಂಚೆ. ಯಾವುದೋ ಹೊಲದ ಹತ್ತಿಯೊಡನೆ ಬಂದ ಒಂದು ಮೊಳೆ. ಯಂತ್ರದ ಮನೆಯಿಂದ ನಮ್ಮ ಮನೆಯವರ ಕೂಗು ಕೇಳಿಸಿತು, ಆಮೇಲೆ ಗಂಟೆ. ಕಿಟಕಿಯಿಂದ ನೋಡಿದರೆ ಛಾವಣಿಯ ಅಂಚಿನಲ್ಲಿ ಹಳದಿ ಹೊಗೆ. ನಾನು ಆಫೀಸಿಗೆ ಓಡಿದೆ. ಬೆಳಿಗ್ಗೆ ಹೇಳಿದ್ದ ನಂಬರನ್ನೇ ಮತ್ತೆ ಹೇಳಿದೆ: ಎರಡು ಮೆಟ್ಟಿಲು, ಕಾಲುವೆ ತುಂಬಿದೆ, ಮುಂದೆ ಟ್ರ್ಯಾಕ್ಟರುಗಳಿವೆ, ಹಿಂದಿನಿಂದ ಬನ್ನಿ. ಹಿತ್ತಲಿಗೆ ಓಡಿ ಬಂದು ಗೋಡೆಯ ಎದುರು ನಿಂತೆ.

ಅಷ್ಟು ಹೊತ್ತು ಒಂದು ಗೋಡೆಯನ್ನು ನಾನು ಎಂದೂ ನೋಡಿಲ್ಲ. ಬಹುಶಃ ನಾಲ್ಕೇ ಉಸಿರಿನಷ್ಟು ಹೊತ್ತು. ಸುಣ್ಣದ ಮೇಲೆ ಒಂದು ಕೂದಲೆಳೆಯಂಥ ಗೆರೆ ಮೂಡಿತು. ಒಂದು ಇಟ್ಟಿಗೆ ಹೊರಗೆ ಇಣುಕಿ ಬಿತ್ತು. ಆ ತೂತಿನಿಂದ ಒನಕೆಯ ಮೂತಿ ಬಂತು, ಒಳಗೆ ಹೋಯಿತು, ಮತ್ತೆ ಬಂತು. ಆಮೇಲೆ ಇಡೀ ಗೋಡೆ ಮುದುಕಿ ಕಾಲು ಚಾಚಿ ಕೂತ ಹಾಗೆ ಮೆಲ್ಲಗೆ ಹೊರಕ್ಕೆ ಕೂತುಬಿಟ್ಟಿತು. ಹೊಗೆ ಬಂತು, ಹೊಗೆಯೊಳಗಿಂದ ಹೆಣ್ಣುಮಕ್ಕಳು ಬಂದರು. ಇಬ್ಬಿಬ್ಬರೇ, ಕೈ ಹಿಡಿದುಕೊಂಡು, ಬರಿಗಾಲಿನಲ್ಲಿ, ಬರಿಗೈಯಲ್ಲಿ. ಒಬ್ಬರ ಕೈಯಲ್ಲೂ ಡಬ್ಬಿ ಇರಲಿಲ್ಲ.

ಕೊನೆಗೆ ಬಂದ ದೇವಕೆಮ್ಮ ಅವರನ್ನು ಕಾಲುವೆ ದಂಡೆಯ ಮೇಲೆ ಸಾಲಾಗಿ ನಿಲ್ಲಿಸಿ, ತನ್ನನ್ನೂ ಸೇರಿಸಿ ಎಣಿಸಿದಳು. ನಲವತ್ತೊಂದು. ಮತ್ತೆ ಎಣಿಸಿದಳು. ಮತ್ತೆ ನಲವತ್ತೊಂದು. ಒಂದು ಜೀವ ಹೆಚ್ಚಾದದ್ದಕ್ಕೆ ಅವಳು ಗಾಬರಿಯಾದಳು. ನೋಡಿದರೆ ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು, ಎಲ್ಲರೂ ಸಾಲು ನಿಂತರೆಂದು ತಾನೂ ಒದ್ದೆ ಸೀರೆ ಹಿಡಿದು ಬಂದು ನಿಂತಿದ್ದಳು. "ನೀ ಯಾಕವ್ವ ನಿಂತಿ?" ಎಂದರೆ, "ಏನೋ ಹಂಚಾಕತ್ತೀರಿ ಅಂದ್ಕೊಂಡೆ" ಎಂದಳು. ಬೆಂಕಿ ಅಷ್ಟು ಹತ್ತಿರ ಉರಿಯುತ್ತಿದ್ದಾಗ, ಕಣ್ಣಲ್ಲಿ ನೀರು ಸುರಿಯುತ್ತ, ನಲವತ್ತು ಮಂದಿಯೂ ನಾನೂ ಬಿದ್ದು ಬಿದ್ದು ನಕ್ಕೆವು. ನಗು ನಿಲ್ಲಿಸಲು ಯಾರಿಗೂ ಆಗಲಿಲ್ಲ. ಕಾಲುವೆ ದಾರಿಯಲ್ಲಿ ಬಂದ ಗಾಡಿಯವರು ಮೊದಲು ಕಂಡದ್ದು ಆ ನಗುವನ್ನೇ. ಹತ್ತಿ ಹೋಯಿತು, ಛಾವಣಿ ಹೋಯಿತು. ಯಂತ್ರದ ಮನೆಯವರೆಲ್ಲ ಮುಂದಿನ ಗೇಟಿನಿಂದ ಬಂದಿದ್ದರು. ಗಾಯವೆಂದರೆ ದೇವಕೆಮ್ಮನ ಹೆಬ್ಬೆರಳಿಗೆ ಇಟ್ಟಿಗೆ ತಾಗಿದ್ದು ಒಂದೇ.

ಮರುದಿನ ಬೆಳಗಿನ ಬಸ್ಸಿಗೆ ಸಾಹೇಬರು ಬಂದರು. ಹೆಗಲ ಮೇಲೆ ಒಂದು ದೊಡ್ಡ ಗಂಟು. ಬಿಚ್ಚಿದರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಸುದ್ದಿ ಕೇಳಿ ಬೀಬಿಯವರೂ ಅವರ ಓಣಿಯ ಹೆಂಗಸರೂ ಬೆಳಗಾಗುವಷ್ಟರಲ್ಲಿ ಬಡಿದುಕೊಟ್ಟಿದ್ದರು. "ಮಾತು ಕೊಟ್ಟಿದ್ನಲ್ಲ" ಎಂದು ಒಬ್ಬೊಬ್ಬರ ಕೈಗೂ ತಾವೇ ಕೊಟ್ಟರು. ಬಟ್ಟೆ ಒಗೆಯುವವಳೂ ಬಂದು ಇಸಿದುಕೊಂಡಳು.

"ನೀವಿಲ್ಲದಾಗೇ ಆತಲ್ರಿ" ಎಂದೆ ನಾನು, ಅವರಿಗೆ ಬೇಸರವಾಗಿರಬಹುದೆಂದು.

"ಅದೇ ಛಲೋ ಆತು ತಂಗೆಮ್ಮ. ನಾ ಇದ್ದಿದ್ರ ಸಾಹೇಬ ಉಳಿಸ್ದ ಅಂತಿದ್ರು. ಈಗ ಇವ್ರು ತಾವೇ ಉಳಕೊಂಡಾರ."

ಸಾವ್ಕಾರರು ಬಿದ್ದ ಗೋಡೆಯ ಇಟ್ಟಿಗೆಗಳನ್ನು ಕಾಲಿನಿಂದ ಸರಿಸಿ ನೋಡಿದರು. ಕೊನೆಗೆ ಮಲ್ಲಣ್ಣನನ್ನು ಕರೆದು, "ಇಲ್ಲಿ ಚೌಕಟ್ಟು ಕೂಡ್ಸು. ಹೊಸ್ತಿಲಾ ಬ್ಯಾಡ, ಯಾರರೇ ಎಡವಿ ಬಿದ್ದಾರು" ಎಂದರು.

"ದಕ್ಷಿಣ ಅದಲ್ರಿ ಸಾವ್ಕಾರ್ರ?" ಎಂದರು ಸಾಹೇಬರು, ಮುಖ ಗಂಭೀರ ಮಾಡಿಕೊಂಡು.

"ಇರ್ಲಿ ಬಿಡ್ರಿ. ನಿನ್ನಿ ಯಮ ಉತ್ತರದಿಂದ ಬಂದಿದ್ದ."

ಮುಂದಿನ ಮಳೆಗಾಲದಲ್ಲಿ ಸಾಹೇಬರು ಹೋದರೆಂದು ಸಗರದಿಂದ ಸುದ್ದಿ ಬಂತು. ಎದೆನೋವಂತೆ. ಮಿಲ್ಲು ನಿಂತಿದ್ದ ಕಾಲ. ಹೆಣ್ಣುಮಕ್ಕಳೆಲ್ಲ ಅವರವರ ಊರಲ್ಲಿದ್ದರು. ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಕಿಟಕಿಯ ಬಳಿ ನಿಂತು ಬಿದ್ದ ಗೋಡೆಯ ಜಾಗದಲ್ಲಿ ಕೂಡಿಸಿದ ಹಸಿರು ಬಾಗಿಲನ್ನು ನೋಡುತ್ತ ಉಳಿದೆ.

ಅವರನ್ನು ನಾನು ಕೊನೆಯ ಸಲ ಕಂಡದ್ದು ಆ ಬಾಗಿಲು ಕೂಡಿಸಿದ ದಿನ. ಸಾವ್ಕಾರರು ಅವರನ್ನು ಸಗರದಿಂದ ಕರೆಸಿ, ಶಾಲು ಹೊದಿಸಿ, ಮೊದಲು ನೀವೇ ದಾಟಬೇಕು ಎಂದರು. ಸಾಹೇಬರು ಕೇಳಲಿಲ್ಲ. ಕೋಣೆಯೊಳಗೆ ಹೋಗಿ ಬಾಗಿಲಿನ ರೆಕ್ಕೆಗೆ ಬೆನ್ನು ಕೊಟ್ಟು ಹಿಡಿದು ನಿಂತರು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ದಾಟತೊಡಗಿದರು. ಅವಸರವಿರಲಿಲ್ಲ, ಹೊಸ ಛಾವಣಿಯ ಕೆಳಗೆ ಎಲ್ಲೂ ಹೊಗೆಯಿರಲಿಲ್ಲ. ಒಬ್ಬಳು ಅವರ ಶಾಲು ಸರಿಮಾಡಿದಳು. ಇನ್ನೊಬ್ಬಳು "ಬೀಬಿಯವ್ರಿಗಿ ನನ್ನ ಸಲಾಂ ಹೇಳ್ರಿ, ಹಿಂಡ್ಯಾಗ ಉಪ್ಪು ಕಡಿಮಿ ಆಗಿತ್ತು" ಎಂದಳು. ಅವರು ಎಲ್ಲರಿಗೂ "ನಡಿ ನಡಿ" ಎನ್ನುತ್ತಿದ್ದರು. ಕೊನೆಯವಳೂ ಹೊರಗೆ ಬಂದು, ಎಲ್ಲರೂ ಕಾಲುವೆಯ ಬಿಸಿಲಿನಲ್ಲಿ ನಿಂತ ಮೇಲೂ ಅವರು ಅಲ್ಲೇ ನಿಂತಿದ್ದರು, ಖಾಲಿ ಕೋಣೆಯ ಕಡೆ ಮುಖಮಾಡಿ, ಇನ್ನೂ ಯಾರಾದರೂ ಇದ್ದಾರೆಯೋ ಎಂದು ನೋಡುವವರ ಹಾಗೆ.

"ಸಾಹೇಬ್ರ," ಎಂದು ಕೂಗಿದಳು ದೇವಕೆಮ್ಮ, "ನಾವೆಲ್ಲಾರೂ ಬಂದೇವ್ರಿ. ಇನ್ನ ನೀವು ಬರ್ರಿ ಹೊರಗ."